ಚೀಟಿ ನೋಡಿದರು, ಹೊಟ್ಟೆ ಮುಟ್ಟಲಿಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 41 ವರ್ಷ. ಹದಿನೆಂಟು ವರ್ಷದಿಂದ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ. ಬೇರೆ ಮಾತ್ರೆಗಳು ಹಿಡಿಯದೆ ಮೂರು ವರ್ಷದಿಂದ ಕ್ಲೋಜಪಿನ್ ಕೊಡುತ್ತಿದ್ದರು, ಜೊತೆಗೆ ಪ್ಯಾಸಿಟೇನ್. ಅದಾದ ಮೇಲೆ ಎಷ್ಟೋ ವಾಸಿ, ತೋಟದ ಕೆಲಸಕ್ಕೂ ಹೋಗುತ್ತಿದ್ದ. ಎರಡು ತಿಂಗಳ ಹಿಂದೆ ಹೊಟ್ಟೆನೋವು ಶುರುವಾಯಿತು. "ಹೊಟ್ಟೆಯೊಳಗೆ ಹಾವು ಸುತ್ಕೊಂಡಿದೆ, ಹಿಂಡ್ತಾ ಇದೆ" ಅಂದ. ಮೂರು ದಿನ ಮಲ ಹೋಗಿರಲಿಲ್ಲ, ವಾಂತಿ ಬೇರೆ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕ್ಯಾಶುವಾಲ್ಟಿಯಲ್ಲಿದ್ದ ಡಾಕ್ಟರು ಅವನ ಹಳೇ ಚೀಟಿ ನೋಡಿದರು, ಹಾವಿನ ಮಾತು ಕೇಳಿದರು, ನಿದ್ದೆಯ ಇಂಜೆಕ್ಷನ್ ಹಾಕಿಸಿ "ಮಾನಸಿಕ ವಿಭಾಗದಲ್ಲಿ ತೋರಿಸಿ" ಎಂದು ಬರೆದು ಕಳಿಸಿದರು. ಮಾರನೇ ರಾತ್ರಿ ಹೊಟ್ಟೆ ಉಬ್ಬಿ ಗಟ್ಟಿಯಾಯಿತು. ಬೇರೆ ಆಸ್ಪತ್ರೆಯಲ್ಲಿ ತುರ್ತು ಆಪರೇಷನ್ ಮಾಡಿ ಕರುಳಿನ ಒಂದು ಭಾಗ ತೆಗೆದರು. ಜೀವ ಉಳಿಯಿತು. ಅಲ್ಲಿ ಕ್ಲೋಜಪಿನ್ ನಿಲ್ಲಿಸಿ ಬೇರೆ ಮಾತ್ರೆ ಬರೆದಿದ್ದಾರೆ. ಈಗ ನಿದ್ದೆ ಕಡಿಮೆಯಾಗಿದೆ, ಒಬ್ಬನೇ ಮಾತಾಡುತ್ತಾನೆ. ಮನೆಯಲ್ಲಿ ಹಳೇ ಮಾತ್ರೆ ಉಳಿದಿದೆ, ಕೊಡಬಹುದೇ? ಕರುಳಿಗೆ ಹೀಗಾದದ್ದು ಮಾತ್ರೆಯಿಂದಲೇ? ತಲೆಗೆ ಕಾಯಿಲೆ ಇದ್ದವರಿಗೆ ಹೊಟ್ಟೆಗೆ ಕಾಯಿಲೆ ಬರುವುದೇ ಇಲ್ಲವೇ, ಯಾಕೆ ಯಾರೂ ನೋಡಲಿಲ್ಲ? ಮೂರು ದಿನ ಕಾದ ನಮ್ಮದೂ ತಪ್ಪಿದೆ ಎಂದು ಅಮ್ಮ ಅಳುತ್ತಾರೆ. ಮುಂದೆ ಹೀಗಾಗದಂತೆ ಏನು ಮಾಡಬೇಕು? ದೂರು ಕೊಟ್ಟರೆ ಪ್ರಯೋಜನ ಇದೆಯೇ?
ಓದುಗರು, ಹಾಸನ ಜಿಲ್ಲೆ

ಉತ್ತರ: ಮೊದಲು ಮಾತ್ರೆಯ ವಿಷಯ, ಯಾಕೆಂದರೆ ಅದು ಈ ಹೊತ್ತಿನದು. ಮನೆಯಲ್ಲಿ ಉಳಿದಿರುವ ಕ್ಲೋಜಪಿನ್ ಅನ್ನು ದಯವಿಟ್ಟು ನೀವಾಗಿ ಕೊಡಬೇಡಿ. ಈ ಮಾತ್ರೆ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೇ ಪ್ರಮಾಣದಿಂದ ಮತ್ತೆ ಶುರು ಮಾಡುವ ಹಾಗಿಲ್ಲ. ದೇಹ ಅದನ್ನು ಮರೆತುಬಿಟ್ಟಿರುತ್ತದೆ. ಒಮ್ಮೆಲೇ ಪೂರ್ತಿ ಕೊಟ್ಟರೆ ಬಿಪಿ ಕುಸಿದು ಬೀಳಬಹುದು, ಫಿಟ್ಸ್ ಬರಬಹುದು. ಮತ್ತೆ ಶುರು ಮಾಡಬೇಕೆಂದರೂ 12.5 ಮಿಲಿಗ್ರಾಂನಿಂದ, ಅಂದರೆ 25ರ ಮಾತ್ರೆಯ ಅರ್ಧದಿಂದ ಹತ್ತಬೇಕು. ಕರುಳು ಕತ್ತರಿಸಿದ ಮೇಲೆ ಅದನ್ನು ಮತ್ತೆ ಕೊಡಬೇಕೇ ಎನ್ನುವುದೇ ದೊಡ್ಡ ಪ್ರಶ್ನೆ. ಅದನ್ನು ನಿಮ್ಮ ಮನೋವೈದ್ಯರೂ ಆಪರೇಷನ್ ಮಾಡಿದ ಸರ್ಜನ್ನರೂ ಮಾತಾಡಿಕೊಂಡು ತೀರ್ಮಾನಿಸಬೇಕು. ಡಿಸ್ಚಾರ್ಜ್ ಸಾರಾಂಶದ ಜೆರಾಕ್ಸ್ ಹಿಡಿದು ಈ ವಾರವೇ ಮನೋವೈದ್ಯರ ಹತ್ತಿರ ಹೋಗಿ. ಮುಂದಿನ ತಿಂಗಳ ತಾರೀಕಿಗೆ ಕಾಯಬೇಡಿ. ನಿದ್ದೆ ಕೆಟ್ಟು ಒಬ್ಬನೇ ಮಾತಾಡುವುದು ಕಾಯಿಲೆ ಮರಳುತ್ತಿರುವ ಲಕ್ಷಣ. ಇವತ್ತೇ ಯಾರನ್ನಾದರೂ ಕೇಳಬೇಕೆನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕರುಳಿಗೆ ಆದದ್ದು ಮಾತ್ರೆಯಿಂದಲೇ? ನೀವು ಬರೆದಿರುವುದನ್ನು ನೋಡಿದರೆ ಬಹುತೇಕ ಹೌದು. ಕರುಳು ತನ್ನಷ್ಟಕ್ಕೆ ತಾನು ಹಿಂಡುತ್ತ ಮುಂದಕ್ಕೆ ತಳ್ಳುವ ಕೆಲಸವನ್ನು ಕ್ಲೋಜಪಿನ್ ನಿಧಾನ ಮಾಡುತ್ತದೆ. ಕೈ ನಡುಕಕ್ಕೆ ಕೊಡುವ ಪ್ಯಾಸಿಟೇನ್ ಕೂಡ ಅದೇ ದಾರಿಯದು. ಎರಡೂ ಸೇರಿದರೆ ಕೆಲವರಲ್ಲಿ ಕರುಳು ನಿಂತೇ ಹೋಗುತ್ತದೆ, ಮಲ ಒಳಗೇ ಗಟ್ಟಿಯಾಗುತ್ತದೆ, ಮೇಲಿನ ಭಾಗ ಉಬ್ಬುತ್ತದೆ, ರಕ್ತದ ಓಟ ನಿಂತು ಕೊಳೆಯುವ ಮಟ್ಟಕ್ಕೂ ಹೋಗಬಹುದು. ಕ್ಯಾಶುವಾಲ್ಟಿಯಲ್ಲಿ ಹಾಕಿದ ನಿದ್ದೆಯ ಇಂಜೆಕ್ಷನ್ ಯಾವುದೆಂದು ನೀವು ಬರೆದಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಆಸ್ಪತ್ರೆಗಳಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಫೆನರ್ಗನ್. ಅದಾಗಿದ್ದರೆ ಅದೂ ಕರುಳನ್ನು ಮಂದ ಮಾಡುವ ಜಾತಿಯದೇ. ನೋವಿನಿಂದ ಹೊರಳಾಡುತ್ತಿದ್ದವನು ಮಲಗಿದ, ಎಲ್ಲರಿಗೂ ಸಮಾಧಾನವಾಯಿತು, ಒಳಗೆ ಕಾಯಿಲೆ ಮಾತ್ರ ಮುಂದುವರಿಯಿತು.

ಇದನ್ನು ಓದಿ ಕ್ಲೋಜಪಿನ್ ತೆಗೆದುಕೊಳ್ಳುತ್ತಿರುವ ಬೇರೆ ಮನೆಯವರು ಹೆದರಿ ಮಾತ್ರೆ ನಿಲ್ಲಿಸಬಾರದು. ಈ ಮಾತ್ರೆಯ ಕಥೆಯೇ ವಿಚಿತ್ರ. 1975ರಲ್ಲಿ ಫಿನ್ಲೆಂಡಿನಲ್ಲಿ ಇದನ್ನು ತೆಗೆದುಕೊಂಡ ಕೆಲವರ ಬಿಳಿ ರಕ್ತಕಣ ಕುಸಿದು ಸಾವುಗಳಾದವು. ಅನೇಕ ದೇಶಗಳು ಅದನ್ನು ದೂರವಿಟ್ಟವು. ಅದೇ ಫಿನ್ಲೆಂಡಿನ 11 ವರ್ಷಗಳ ದಾಖಲೆ ನೋಡಿ 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸ್ಕಿಜೋಫ್ರೇನಿಯಾ ಇರುವವರ ಪೈಕಿ ಕ್ಲೋಜಪಿನ್ ತೆಗೆದುಕೊಳ್ಳುತ್ತಿದ್ದವರಲ್ಲೇ ಸಾವಿನ ಪ್ರಮಾಣ ಅತಿ ಕಡಿಮೆ ಇತ್ತು. ಬೇರೆ ಎರಡು ಮಾತ್ರೆ ಸೋತ ಮೇಲೆ ಕೊಡಬಹುದಾದ ಇದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. ತೊಂದರೆ ಇರುವುದು ನಾವು ಕಾಯುವ ರೀತಿಯಲ್ಲಿ. ರಕ್ತಕಣದ ಭಯದಿಂದ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇವೆ. ಆದರೆ "ದಿನಾ ಕಕ್ಕಸು ಸರಿಯಾಗಿ ಆಗುತ್ತಾ?" ಎಂದು ಕೇಳುವುದಕ್ಕೆ ಖರ್ಚೇ ಇಲ್ಲ, ಅದನ್ನೇ ಕೇಳುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಜನವರಿಯಲ್ಲಿ ಈ ಮಾತ್ರೆಯ ಮಲಬದ್ಧತೆಯ ಎಚ್ಚರಿಕೆಯನ್ನು ಇನ್ನಷ್ಟು ಬಿಗಿ ಮಾಡಿತು. ನಮ್ಮ ಎಷ್ಟು ಒಪಿಡಿಗಳಲ್ಲಿ ಅದು ಪ್ರಶ್ನೆಯಾಗಿ ರೋಗಿಯ ಕಿವಿಗೆ ಬಿದ್ದಿದೆ?

ಇನ್ನು ಹಾವಿನ ಮಾತು. ನಮ್ಮ ಕಡೆ ನೋವನ್ನು ಯಾರು ತಾನೆ ವೈದ್ಯಕೀಯ ಪುಸ್ತಕದ ಮಾತಿನಲ್ಲಿ ಹೇಳುತ್ತಾರೆ? ಹೊಟ್ಟೆಗೆ ಬೆಂಕಿ ಬಿದ್ದಿದೆ ಅನ್ನುತ್ತಾರೆ, ಎದೆ ಮೇಲೆ ಕಲ್ಲು ಇಟ್ಟ ಹಾಗಿದೆ ಅನ್ನುತ್ತಾರೆ, ಕರುಳು ಹಿಂಡಿದಂಗಾಗ್ತದೆ ಅನ್ನುತ್ತಾರೆ. ಎದೆ ಮೇಲೆ ಕಲ್ಲು ಎಂದ ಮೇಷ್ಟ್ರಿಗೆ ತಕ್ಷಣ ಇಸಿಜಿ ಆಗುತ್ತದೆ, "ಎಲ್ಲಿದೆ ಕಲ್ಲು?" ಎಂದು ಯಾರೂ ಕೇಳುವುದಿಲ್ಲ. ನಿಮ್ಮ ತಮ್ಮ ಸುತ್ತಿಕೊಂಡು ಹಿಂಡುವ ನೋವನ್ನು ಹೇಳಿದ. ಕಟ್ಟಿಕೊಂಡ ಕರುಳಿನ ನೋವು ಹಾಗೇ ಇರುತ್ತದೆ, ಬಂದು ಬಂದು ಹಿಂಡುತ್ತದೆ. ಒಂದು ವೇಳೆ ಅವನು ನಿಜವಾಗಿಯೂ ಒಳಗೆ ಹಾವಿದೆ ಎಂದೇ ನಂಬಿದ್ದ ಎಂದಿಟ್ಟುಕೊಳ್ಳಿ. ಆಗಲೂ ಆ ನಂಬಿಕೆ ಹುಟ್ಟಿದ್ದು ನಿಜವಾದ ನೋವಿನಿಂದ. ಭ್ರಮೆ ಇದೆ ಎಂದ ಮಾತ್ರಕ್ಕೆ ಹೊಟ್ಟೆಯಲ್ಲಿ ಏನೂ ಇಲ್ಲ ಎಂದಾಗುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು.

ಇದಕ್ಕಿಂತ ಅಪಾಯದ್ದು ಹೇಳದೇ ಇರುವವರ ಸ್ಥಿತಿ. ಸ್ಕಿಜೋಫ್ರೇನಿಯಾ ಇರುವ ಕೆಲವರಿಗೆ ನೋವು ಕಡಿಮೆ ಅನಿಸುತ್ತದೆ, ಅಥವಾ ಅನಿಸಿದ್ದನ್ನು ಮುಖದಲ್ಲಿ ತೋರಿಸುವುದಿಲ್ಲ. ಅಪೆಂಡಿಕ್ಸ್ ಒಡೆದರೂ ಸುಮ್ಮನೆ ಕೂತವರು, ಹೃದಯಾಘಾತವಾದರೂ "ಸ್ವಲ್ಪ ಸುಸ್ತು" ಎಂದವರು ವೈದ್ಯಕೀಯ ಬರಹಗಳಲ್ಲಿ ಬೇಕಾದಷ್ಟು ಇದ್ದಾರೆ. ಅಂಥವರು ತಾವಾಗಿ ನೋವು ಎಂದು ಬಾಯಿಬಿಟ್ಟರೆ ಎರಡು ಪಟ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ಆಗುತ್ತಿರುವುದು ತಿರುಗಾಮುರುಗಾ.

ನೀವು ಕೇಳಿದ "ಯಾಕೆ ಯಾರೂ ನೋಡಲಿಲ್ಲ"ಕ್ಕೆ ಒಂದೇ ಉತ್ತರ ಇಲ್ಲ. ಆ ಡಾಕ್ಟರು ಕೆಟ್ಟವರು ಎನ್ನುವುದು ಸುಲಭ, ಆದರೆ ಅದರಿಂದ ನಾಳೆ ಬರುವ ರೋಗಿಗೆ ಉಪಯೋಗವಿಲ್ಲ. ಕ್ಯಾಶುವಾಲ್ಟಿಯಲ್ಲಿ ಕೂತವರ ಮುಂದೆ ಒಂದು ಕಡೆ ಬೈಕ್ ಆಕ್ಸಿಡೆಂಟು, ಇನ್ನೊಂದು ಕಡೆ ವಿಷ ಕುಡಿದವರು, ಮತ್ತೊಂದು ಕಡೆ ಪೊಲೀಸರ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿನ ಪರೀಕ್ಷೆ. ಆ ಗಡಿಬಿಡಿಯಲ್ಲಿ ತಲೆ ಒಂದು ಕಾರಣ ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸುತ್ತದೆ. ಚೀಟಿಯ ಮೇಲೆ ಮಾನಸಿಕ ವಿಭಾಗದ ಮೊಹರು ಕಂಡರೆ ಕಾರಣ ಸಿಕ್ಕಿತು ಅನಿಸಿಬಿಡುತ್ತದೆ. ನರ್ಸಿಂಗ್ ಸ್ಟೇಷನ್ನಿನಲ್ಲಿ "ಸೈಕ್ ಕೇಸು" ಎಂಬ ಮಾತು ಒಮ್ಮೆ ಹಾರಿತೋ, ಆಮೇಲೆ ನಾಡಿ, ಬಿಪಿ, ಹೊಟ್ಟೆ ಒತ್ತಿ ನೋಡುವುದು ಎಲ್ಲ ಮುಂದಿನವರ ಪಾಲಿಗೆ. ಮುಂದಿನವರೂ ಹಾಗೇ ಅಂದುಕೊಳ್ಳುತ್ತಾರೆ. ಎಂಬಿಬಿಎಸ್ ಓದುವಾಗ ಮನೋವೈದ್ಯಶಾಸ್ತ್ರಕ್ಕೆ ಸಿಗುವ ದಿನಗಳು ಅತ್ಯಲ್ಪ, ಪಾಸಾದ ಮೇಲೆ ಭಯವೂ ಇರುತ್ತದೆ. ಹತ್ತಿರ ಹೋದರೆ ಹೊಡೆದಾನು ಎಂಬ ಭಯ.

ಇದು ನಮ್ಮ ತಾಲ್ಲೂಕು ಆಸ್ಪತ್ರೆಗಳ ಬಡತನದಿಂದ ಮಾತ್ರ ಆಗುವುದಲ್ಲ. ಅಮೆರಿಕದಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ 65 ದಾಟಿದ ಒಂದು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಎಲ್ಲರಿಗೂ ಸರ್ಕಾರಿ ವಿಮೆ ಇತ್ತು, ಅಂದರೆ ದುಡ್ಡು ಅಡ್ಡಿಯಲ್ಲ. ಆದರೂ ಮಾನಸಿಕ ಕಾಯಿಲೆಯ ಹಣೆಪಟ್ಟಿ ಇದ್ದವರಿಗೆ ಮುಚ್ಚಿದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿಯಂಥ ಚಿಕಿತ್ಸೆ ಕಡಿಮೆ ಸಿಕ್ಕಿತ್ತು. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ಕೇಳಿದವರು ಆತ್ಮಹತ್ಯೆ ಎಂದುಕೊಳ್ಳುತ್ತಾರೆ. ಅದೂ ಇದೆ. ಆದರೆ ಆ ಸಾವುಗಳಲ್ಲಿ ಬಹುಪಾಲು ಹೃದಯ, ಸಕ್ಕರೆ ಕಾಯಿಲೆ, ಶ್ವಾಸಕೋಶ, ಸೋಂಕು, ಹೀಗೆ ಎಲ್ಲರಿಗೂ ಬರುವ, ಎಲ್ಲರಿಗೂ ಔಷಧವಿರುವ ಕಾಯಿಲೆಗಳಿಂದಲೇ ಆಗುತ್ತವೆ.

ನನ್ನ ಜಾತಿಯವರನ್ನು, ಅಂದರೆ ಮನೋವೈದ್ಯರನ್ನು, ಇಲ್ಲಿ ಬಿಟ್ಟುಬಿಟ್ಟರೆ ಅನ್ಯಾಯವಾಗುತ್ತದೆ. ತೂಕ ಮತ್ತು ಸಕ್ಕರೆ ಏರಿಸುವ ಮಾತ್ರೆ ಬರೆಯುವವರು ನಾವೇ. ಒಲಾಂಜಪಿನ್, ಕ್ಲೋಜಪಿನ್ ಶುರುವಾದ ಕೆಲವು ತಿಂಗಳಲ್ಲೇ ಪ್ಯಾಂಟು ಬಿಗಿಯಾಗುವುದನ್ನು ಪ್ರತಿ ಅಮ್ಮನೂ ಗಮನಿಸುತ್ತಾಳೆ. ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು 2004ರಲ್ಲೇ ಕೂತು ವೇಳಾಪಟ್ಟಿ ಹಾಕಿಕೊಟ್ಟಿವೆ: ಮಾತ್ರೆ ಶುರು ಮಾಡುವ ಮುಂಚೆ ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್. ತೂಕ ಮತ್ತೆ 4, 8, 12ನೇ ವಾರಕ್ಕೆ, ಬಿಪಿ ಮತ್ತು ರಕ್ತ ಪರೀಕ್ಷೆ 12ನೇ ವಾರಕ್ಕೆ, ಆಮೇಲೂ ಬಿಡದೆ. ಶುರುವಿನ ತೂಕಕ್ಕಿಂತ ನೂರಕ್ಕೆ 5ರಷ್ಟು ಏರಿದರೆ ಮಾತ್ರೆ ಬದಲಿಸುವ ಯೋಚನೆ ಮಾಡಿ ಎಂದೂ ಅದರಲ್ಲಿದೆ. ಬದಲಿಸಲಾಗದವರಿಗೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಸೇರಿಸಿದರೆ ಅನುಕೂಲವಾಗುತ್ತದೆ, ಅದು ಅಗ್ಗದ ಮಾತ್ರೆ. ಇಷ್ಟೆಲ್ಲ ಗೊತ್ತಿದ್ದೂ ಎಷ್ಟೋ ಮಾನಸಿಕ ಒಪಿಡಿಗಳ ಮೇಜಿನ ಮೇಲೆ ಬಿಪಿ ಯಂತ್ರ ಇರುವುದಿಲ್ಲ, ತೂಕದ ಯಂತ್ರ ಬೇಕೆಂದರೆ ಪಕ್ಕದ ವಿಭಾಗಕ್ಕೆ ಹೋಗಬೇಕು. "ನಿದ್ದೆ ಮಾಡ್ತಾನಾ, ಗಲಾಟೆ ಇಲ್ವಲ್ಲ, ಅದೇ ಮಾತ್ರೆ ಮುಂದುವರಿಸಿ" ಎಂಬಲ್ಲಿಗೆ ಭೇಟಿ ಮುಗಿಯುತ್ತದೆ. ದೇಹದ ಡಾಕ್ಟರು ಇದು ತಲೆಯದು ಎನ್ನುತ್ತಾರೆ, ತಲೆಯ ಡಾಕ್ಟರು ಅದು ದೇಹದ್ದು ಎನ್ನುತ್ತಾರೆ. ನಡುವೆ ನಿಮ್ಮಂಥ ಮನೆಯವರು ಫೈಲು ಹಿಡಿದು ಓಡಾಡುತ್ತಾರೆ.

ನಮ್ಮ ರಾಜ್ಯಕ್ಕೆ ಇದು ನಾಚಿಕೆಯ ವಿಷಯವೂ ಹೌದು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ಜ್ವರ ನೋಡುವ ಕೋಣೆಯಲ್ಲೇ ಮಾನಸಿಕ ಕಾಯಿಲೆಯನ್ನೂ ನೋಡಬಹುದು ಎಂದು ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಒಂದೇ ಸೂರಿನಡಿ ಎರಡೂ ಸಿಗಲಿ ಎನ್ನುವುದು ಅದರ ತಿರುಳು. ಈಗ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆ ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಬಿಪಿ ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್ಕೂ ಅದೇ ಕಟ್ಟಡದಲ್ಲಿದೆ. ಆದರೆ ಮೊದಲನೆಯದಕ್ಕೆ ಬಂದವರನ್ನು ಎರಡನೆಯದಕ್ಕೆ ಕಳಿಸುವ ಒಂದು ಸಾಲಿನ ಚೀಟಿ ಬರೆಯುವವರು ಕಡಿಮೆ. ಯಾರೂ ಬರೆಯದಿದ್ದರೆ ನೀವೇ ಹೋಗಿ. ಮೂವತ್ತು ದಾಟಿದವರಿಗೆ ಅಲ್ಲಿ ಬಿಪಿ, ಸಕ್ಕರೆ ನೋಡುತ್ತಾರೆ, ದುಡ್ಡಿಲ್ಲ. ಮಾನಸಿಕ ಮಾತ್ರೆ ತೆಗೆದುಕೊಳ್ಳುವವರು ಬರಬಾರದೆಂಬ ನಿಯಮ ಎಲ್ಲೂ ಇಲ್ಲ.

ಅಮ್ಮನ ಅಳುವಿಗೆ ಒಂದು ಮಾತು. ಮೂರು ದಿನ ಮಲ ಹೋಗದಿದ್ದರೆ ಬಾಳೆಹಣ್ಣು, ಬಿಸಿನೀರು ಕೊಟ್ಟು ನೋಡೋಣ ಎನ್ನುವುದು ನಮ್ಮೆಲ್ಲರ ಮನೆಯ ರೂಢಿ. ಈ ಮಾತ್ರೆ ನುಂಗುವವರಲ್ಲಿ ಅದಕ್ಕೆ ಬೇರೆ ಲೆಕ್ಕ ಎಂದು ಮೂರು ವರ್ಷದಲ್ಲಿ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ, ಆಮೇಲೆ ಅವರು ಕಾದಿದ್ದರೆ, ಆಗ ತಪ್ಪು ಅನ್ನಬಹುದಿತ್ತು. ಹೇಳಬೇಕಿದ್ದವರು ಹೇಳಲಿಲ್ಲ. ಅದೂ ಅಲ್ಲದೆ ನೀವು ಕರೆದುಕೊಂಡು ಹೋದಿರಿ, ಆಸ್ಪತ್ರೆಯೇ ವಾಪಸು ಕಳಿಸಿತು.

ಮುಂದಕ್ಕೆ ಏನು ಮಾಡಬೇಕೆಂದರೆ, ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಈಗಿನ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಎಂದಿನಿಂದ ಎಂಬುದು ಇರಲಿ. "ಕರುಳಿನ ಆಪರೇಷನ್ ಆಗಿದೆ" ಎಂದು ತಾರೀಕಿನ ಸಮೇತ ಕೆಂಪು ಶಾಯಿಯಲ್ಲಿ ಬರೆಯಿರಿ. ಒಳಗೆ ತಿಂಗಳಿಗೊಮ್ಮೆ ತೂಕ, ಸೊಂಟದ ಅಳತೆ, ಬಿಪಿ. ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ನಮ್ಮ ಜನರಲ್ಲಿ ಅದು ಎಚ್ಚರಿಕೆಯ ಗಂಟೆ. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿತೆಂದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳಬೇಕು. ಮಲದ ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರೇ ಸಾಕು. ಹೋದ ದಿನ ಅವನೇ ಒಂದು ಗೀಟು ಹಾಕಲಿ. ನಲವತ್ತು ದಾಟಿದ ಗಂಡಸನ್ನು ದಿನಾ ಕಕ್ಕಸಿನ ವಿಷಯ ಕೇಳಿದರೆ ಸಿಟ್ಟು ಬರುವುದು ಸಹಜ, ಗೀಟು ಇದ್ದರೆ ಕೇಳುವ ಪ್ರಮೇಯವೇ ಇಲ್ಲ. ಇಂಥ ಮಾತ್ರೆಯಲ್ಲಿರುವವರಿಗೆ ಎರಡು ದಿನ ಗೀಟು ಬೀಳದಿದ್ದರೆ ವೈದ್ಯರಿಗೆ ಫೋನು. ಹೊಟ್ಟೆ ಉಬ್ಬಿದರೆ, ನೋವಿದ್ದರೆ, ವಾಂತಿಯಾದರೆ, ಗಾಳಿಯೂ ಹೋಗದಿದ್ದರೆ ಅದೇ ದಿನ ಆಸ್ಪತ್ರೆ. ಇಸಬ್‌ಗೋಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಅದು ಮಲದ ಗಾತ್ರ ಹೆಚ್ಚಿಸುತ್ತದೆ, ಓಡಾಟವೇ ನಿಂತ ಕರುಳಿನಲ್ಲಿ ಅದು ಇನ್ನೊಂದು ಹೊರೆ. ಕರುಳನ್ನು ಚುರುಕು ಮಾಡುವ ಅಥವಾ ಮಲ ಮೆತ್ತಗೆ ಮಾಡುವ ಔಷಧಿ ಬೇರೆ ಇವೆ, ಕೇಳಿ ಬರೆಸಿಕೊಳ್ಳಿ. ಪ್ಯಾಸಿಟೇನ್ ಇನ್ನೂ ಬೇಕೇ ಎಂದೂ ಕೇಳಿ. ಎಂದೋ ಕೈ ನಡುಕಕ್ಕೆ ಬರೆದದ್ದು ಯಾರೂ ತೆಗೆಯದೆ ವರ್ಷಗಟ್ಟಲೆ ಮುಂದುವರಿಯುವುದು ಸಾಮಾನ್ಯ.

ಬೀಡಿ ಸೇದುತ್ತಾನೆಯೇ ಎಂದು ನೀವು ಬರೆದಿಲ್ಲ. ಸೇದುವವನಾದರೆ ಇದು ತಿಳಿದಿರಲಿ: ಹೊಗೆಯಲ್ಲಿರುವ ಅಂಶಗಳು ಲಿವರ್ ಅನ್ನು ಚುರುಕು ಮಾಡಿ ಕ್ಲೋಜಪಿನ್, ಒಲಾಂಜಪಿನ್ ಎರಡನ್ನೂ ಬೇಗ ಕರಗಿಸುತ್ತವೆ. ಬೀಡಿ ಬಿಟ್ಟ ಕೂಡಲೇ ಅದೇ ಮಾತ್ರೆ ರಕ್ತದಲ್ಲಿ ಏರುತ್ತದೆ. ಆಸ್ಪತ್ರೆಯಲ್ಲಿ ಮಲಗಿದವನಿಗೆ ಬೀಡಿ ಸಿಗುವುದಿಲ್ಲ, ನಾಲ್ಕೈದು ದಿನದಲ್ಲಿ ತೂಕಡಿಕೆ, ಜೊಲ್ಲು, ಮಲಬದ್ಧತೆ ಹೆಚ್ಚುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಬೀಡಿ ಬಿಡಲೇಬೇಕು, ಬಿಡುವಾಗ ವೈದ್ಯರಿಗೆ ಹೇಳಿ ಬಿಡಬೇಕು.

ಮನಸ್ಸಿನ ವಿಪರೀತ ಏರಿಳಿತದ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರ ಮನೆಯವರೂ ಇದನ್ನು ಓದುತ್ತಿರಬಹುದು. ಅವರಿಗೆ ಮಂಡಿನೋವಿನ ಮಾತ್ರೆಯೇ ಶತ್ರು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಡುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಲಿಥಿಯಂ ಅನ್ನು ರಕ್ತದಲ್ಲೇ ಉಳಿಸಿಬಿಡುತ್ತವೆ. ಕೆಲವು ಬಿಪಿ ಮಾತ್ರೆಗಳೂ ಹಾಗೆಯೇ. ವಾಂತಿ ಭೇದಿಯಾಗಿ ನೀರಿನಂಶ ಹೋದರೂ ಅಷ್ಟೇ. ನಡುಕ ಹೆಚ್ಚಿ, ನಾಲಗೆ ತೊದಲಿ, ತೂರಾಡಿದರೆ "ಕುಡಿದಿದ್ದಾನೆ" ಅಥವಾ "ಕಾಯಿಲೆ ಮರುಕಳಿಸಿದೆ" ಎಂದುಕೊಳ್ಳದೆ ರಕ್ತದ ಲಿಥಿಯಂ ಮಟ್ಟ ನೋಡಿಸಿ. ಕಿಡ್ನಿ, ಥೈರಾಯಿಡ್ ಪರೀಕ್ಷೆ ಆರು ತಿಂಗಳಿಗೊಮ್ಮೆ ಇರಲಿ.

ಕಾಯಿಲೆ ಇರುವ ಹೆಂಗಸರ ಪಾಡು ಇನ್ನೂ ಕಷ್ಟ. ರಿಸ್ಪೆರಿಡೋನ್ ಎಂಬ ಮಾನಸಿಕ ಕಾಯಿಲೆಯ ಮಾತ್ರೆಯಿಂದ ಮುಟ್ಟು ನಿಂತರೂ, ಎದೆಯಲ್ಲಿ ಗಂಟು ಸಿಕ್ಕರೂ, ಬಿಳಿಮುಟ್ಟಿನಲ್ಲಿ ರಕ್ತ ಕಂಡರೂ ಮನೆಯವರೇ "ಅವಳು ಏನೋ ಹೇಳ್ತಾಳೆ ಬಿಡಿ" ಎಂದು ತಳ್ಳಿಹಾಕುತ್ತಾರೆ. ಇಲ್ಲಿ ಆಸ್ಪತ್ರೆಯ ಬಾಗಿಲು ಮುಟ್ಟುವ ಮುಂಚೆಯೇ ಬಾಗಿಲು ಹಾಕಿರುತ್ತದೆ.

ಮತ್ತೆ ಕ್ಯಾಶುವಾಲ್ಟಿಗೆ ಹೋಗುವ ಸಂದರ್ಭ ಬಂದರೆ ಮಾತಿನ ಕ್ರಮ ಮುಖ್ಯ. ಫೈಲು ಮೊದಲು ಕೊಡಬೇಡಿ. ಮೊದಲು ಹೊಟ್ಟೆಯ ವಿಷಯ: "ಸಾರ್, ಮೂರು ದಿನದಿಂದ ಮಲ ಹೋಗಿಲ್ಲ, ನಿನ್ನೆಯಿಂದ ಗಾಳೀನೂ ಹೋಗಿಲ್ಲ, ಎರಡು ಸಲ ಹಸಿರು ವಾಂತಿ ಆಗಿದೆ, ಹೊಟ್ಟೆ ಉಬ್ಬಿದೆ." ಅವರು ಅದನ್ನು ಬರೆದುಕೊಂಡ ಮೇಲೆ: "ಇಂಥಿಂಥ ಮಾತ್ರೆ ತಗೊಳ್ತಾನೆ, ಇದರಿಂದ ಕರುಳು ಕಟ್ಟಬಹುದು ಅಂತ ನಮ್ಮ ಡಾಕ್ಟರು ಹೇಳಿದಾರೆ." ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಮಾತ್ರೆ ಗೊತ್ತಿಲ್ಲದೆ ಇಂಜೆಕ್ಷನ್ ಹಾಕಿದರೆ ಅದು ಬೇರೆ ಅಪಾಯ. ಮೂರನೆಯ ವಾಕ್ಯ ಬಹಳ ಕೆಲಸ ಮಾಡುತ್ತದೆ: "ಮಾಮೂಲಿ ಹೀಗಿರಲ್ಲ ಇವನು." ದಿನಾ ನೋಡುವವರಿಗೆ ಮಾತ್ರ ಗೊತ್ತಿರುವ ಸತ್ಯ ಅದು, ಯಾವ ಫೈಲಿನಲ್ಲೂ ಇರುವುದಿಲ್ಲ. ಅಷ್ಟಾದರೂ ಮಾನಸಿಕ ವಿಭಾಗಕ್ಕೇ ಕಳಿಸಿದರೆ ಜಗಳ ಬೇಡ. "ನಾಡಿ, ಬಿಪಿ, ಹೊಟ್ಟೆ ನೋಡಿದ್ದು, ಎಕ್ಸ್‌ರೇ ಬೇಡ ಅಂದಿದ್ದು ಚೀಟಿಲಿ ಬರೆದುಕೊಡಿ ಸಾರ್" ಎಂದು ಮೆತ್ತಗೆ ಕೇಳಿ. ಹೊಟ್ಟೆ ಮುಟ್ಟದೆ ಹಾಗೆ ಬರೆಯಲು ಕೈ ಹಿಂಜರಿಯುತ್ತದೆ. ಹತ್ತರಲ್ಲಿ ಎಂಟು ಮಂದಿ ಎದ್ದು ಬಂದು ಮುಟ್ಟಿ ನೋಡುತ್ತಾರೆ ಎಂದು ನನ್ನ ಅಂದಾಜು.

ಕಾನೂನು ನಿಮ್ಮ ಕಡೆ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 21ನೇ ಕಲಂ ಹೇಳುವುದು ಇಷ್ಟು: ಎಲ್ಲ ಬಗೆಯ ಆರೋಗ್ಯ ಸೇವೆಯಲ್ಲೂ ಮಾನಸಿಕ ಕಾಯಿಲೆ ಇರುವವರನ್ನು ದೈಹಿಕ ಕಾಯಿಲೆ ಇರುವವರಿಗೆ ಸಮನಾಗಿ ನೋಡಬೇಕು. ದೈಹಿಕ ಕಾಯಿಲೆಯವರಿಗೆ ಸಿಗುವ ಇತರ ಸೇವೆಗಳು ಇವರಿಗೂ ಅದೇ ರೀತಿ, ಅದೇ ಮಟ್ಟದಲ್ಲಿ, ಅದೇ ಗುಣಮಟ್ಟದಲ್ಲಿ ಸಿಗಬೇಕು. ಇದೇ ಕಲಂ ವಿಮೆಗೂ ಅನ್ವಯಿಸುತ್ತದೆ. ಕಾಯಿಲೆಯ ಹೆಸರಿದ್ದ ಮಾತ್ರಕ್ಕೆ, ನ್ಯಾಯಾಲಯ ಘೋಷಿಸದ ಹೊರತು, ಒಬ್ಬರನ್ನು ಬುದ್ಧಿ ಸ್ವಾಧೀನ ಇಲ್ಲದವರೆಂದು ಎಣಿಸುವಂತಿಲ್ಲ ಎಂದು 3ನೇ ಕಲಂನಲ್ಲಿದೆ. ಹಾಗಾಗಿ ನಾಳೆ ಇನ್ನೊಂದು ಆಪರೇಷನ್ ಬಂದರೆ, ಹೇಳಿದ್ದು ಅರ್ಥವಾಗುವ ಸ್ಥಿತಿಯಲ್ಲಿ ಅವನಿದ್ದರೆ, ಒಪ್ಪಿಗೆಯ ಸಹಿ ಅವನದೇ. "ಇವರ ಸಹಿ ನಡೆಯಲ್ಲ" ಎಂಬುದು ಕಾನೂನಲ್ಲ, ರೂಢಿ.

ಇನ್ನೊಂದು ಕಾಯ್ದೆ ಅಷ್ಟಾಗಿ ಜನರಿಗೆ ಗೊತ್ತಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅದರ 25ನೇ ಕಲಂ ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕು ಎನ್ನುತ್ತದೆ. ತಮ್ಮನಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇನ್ನೂ ಮಾಡಿಸಿಲ್ಲದಿದ್ದರೆ ಮಾಡಿಸಿ. ನೂರಕ್ಕೆ 40 ಅಥವಾ ಹೆಚ್ಚು ಎಂದು ಪ್ರಮಾಣವಾದರೆ ಸರ್ಕಾರದ ಮಾಸಾಶನಕ್ಕೂ ಅರ್ಜಿ ಹಾಕಬಹುದು. ಕೆಲವು ಮನೆಗಳವರು ಮದುವೆಯ ಮಾತು ಬಂದಾಗ ತೊಡಕಾಗುತ್ತದೆಂದು ಕಾರ್ಡು ಬೇಡ ಎನ್ನುತ್ತಾರೆ. ಅದು ಅವರವರ ಲೆಕ್ಕ, ನಾನು ಒತ್ತಾಯಿಸುವುದಿಲ್ಲ.

ದೂರಿನ ವಿಷಯ. ಮೊದಲು ದಾಖಲೆ. ಎರಡೂ ಆಸ್ಪತ್ರೆಗಳಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೇಸ್ ಶೀಟಿನ ನಕಲು ಕೇಳಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲಿದೆ. ಕ್ಯಾಶುವಾಲ್ಟಿ ಚೀಟಿಯಲ್ಲಿ ನಾಡಿ, ಬಿಪಿ, ಹೊಟ್ಟೆಯ ಪರೀಕ್ಷೆಯ ಜಾಗ ಖಾಲಿ ಇದ್ದರೆ ಅದೇ ನಿಮ್ಮ ಸಾಕ್ಷಿ. ಖಾಸಗಿ ಆಸ್ಪತ್ರೆಯಾಗಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ, ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಬರೆಯಿರಿ. ಗ್ರಾಹಕ ಆಯೋಗಕ್ಕೂ ಹೋಗಬಹುದು, ಘಟನೆಯಾದ ಎರಡು ವರ್ಷದೊಳಗೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯಾಗಿದ್ದರೆ ಗ್ರಾಹಕ ಆಯೋಗದ ದಾರಿ ಇಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆಗ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಬರೆದು, ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೂ ರಾಜ್ಯ ಅಂಗವಿಕಲರ ಆಯುಕ್ತರಿಗೂ ಕಳಿಸಿ.

ಪ್ರಯೋಜನವಾಗುತ್ತದೆಯೇ? ಪರಿಹಾರದ ದುಡ್ಡು ಬೇಕೆಂದರೆ ವರ್ಷಗಟ್ಟಲೆ ಅಲೆದಾಟ, ವಕೀಲರ ಖರ್ಚು, ತಜ್ಞರ ಸಾಕ್ಷಿ. ಒಳಗೆ ತಮ್ಮನ ಕಾಯಿಲೆ ಮರುಕಳಿಸುತ್ತಿರುವಾಗ ಅದಕ್ಕೆ ಕೈಹಾಕಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಮೊದಲು ಅವನು ಸುಧಾರಿಸಲಿ, ಎರಡು ವರ್ಷದ ಗಡುವು ಇದೆಯಲ್ಲ. ಆದರೆ ಒಂದು ಪುಟದ ಪತ್ರಕ್ಕೆ ಖರ್ಚಿಲ್ಲ, ಅದನ್ನು ಈಗಲೇ ಬರೆಯಿರಿ. ಯಾರನ್ನೂ ಬೈಯಬೇಡಿ. ತಾರೀಕು, ಹೊತ್ತು, ಏನು ಹೇಳಿದಿರಿ, ಏನು ನೋಡಲಿಲ್ಲ, ಆಪರೇಷನ್ನಿನಲ್ಲಿ ಏನು ಸಿಕ್ಕಿತು, ಅಷ್ಟೇ ಸಾಕು. ಕೊನೆಯಲ್ಲಿ ಎರಡು ಬೇಡಿಕೆ ಇಡಿ. ಮಾನಸಿಕ ಮಾತ್ರೆಯಲ್ಲಿರುವವರು ತುರ್ತು ವಿಭಾಗಕ್ಕೆ ಬಂದರೆ, ಬೇರೆ ವಿಭಾಗಕ್ಕೆ ಕಳಿಸುವ ಮುಂಚೆ ನಾಡಿ, ಬಿಪಿ, ಉಷ್ಣತೆ, ಸಕ್ಕರೆ, ಹೊಟ್ಟೆಯ ಪರೀಕ್ಷೆ ಬರೆದಿರಲೇಬೇಕು ಎಂಬ ಸುತ್ತೋಲೆ ಒಂದು. ಮಂಗಳವಾರದ ಕ್ಲಿನಿಕ್ಕಿನಲ್ಲಿ ತೂಕದ ಯಂತ್ರ, ಬಿಪಿ ಯಂತ್ರ ಇಡಬೇಕೆಂಬುದು ಇನ್ನೊಂದು. ಪತ್ರದ ಪ್ರತಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗೂ ಹೋಗಲಿ, ಎರಡನೆಯ ಬೇಡಿಕೆ ಈಡೇರಿಸುವುದು ಅವರ ಕೈಯಲ್ಲೇ ಇದೆ.